ಚೆಂಡು ನೋಡಿ, ಕೈಯನ್ನೂ ನೋಡಿ: ನಮ್ಮೂರಿನ ಅಂಪೈರ್‌ಗಳಿಗೆ

ಮಳೆ ನಿಂತು ಪದವಿನ (ಮುರಕಲ್ಲಿನ ಬಯಲಿನ) ಹುಲ್ಲು ಒಣಗಿತು ಅಂದರೆ ನಮ್ಮ ಕಾಸರಗೋಡಿನ ಕಡೆ ಟೂರ್ನಮೆಂಟ್ ಶುರು. ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಉಪ್ಪಳ, ಎಲ್ಲಿ ಹೋದರೂ ಭಾನುವಾರ ಒಂದು ಮೈದಾನದಲ್ಲಿ ಮೈಕ್ ಕೂಗುತ್ತಿರುತ್ತದೆ. ಹೆಚ್ಚಿನವು ಟೆನಿಸ್ ಬಾಲ್ ಆಟ. ಆದರೆ ತಳಂಗರೆಯ ಮುಹಮ್ಮದ್ ಅಜರುದ್ದೀನ್ 2021ರಲ್ಲಿ ಕೇರಳದ ಪರ ಮುಂಬೈ ವಿರುದ್ಧ 54 ಚೆಂಡಿಗೆ 137 ಹೊಡೆದದ್ದನ್ನು ನೋಡಿದ ಹುಡುಗರು ಈಗ ಲೆದರ್ ಬಾಲ್ ಬೇಕು ಅನ್ನುತ್ತಾರೆ. ಒಳ್ಳೆಯದೇ. ಲೆದರ್ ಬಾಲ್ ಬಂದ ಕೂಡಲೇ ಅದರ ಜಗಳವೂ ಬಂತು: "ಮಾಸ್ಟ್ರೇ, ಅವರು ಚೆಂಡಿಗೆ ಏನೋ ಮಾಡಿದ್ದಾರೆ, ನೋಡಿ."

ಈ ಮಾತು ಕೇಳಿದಾಗ ಏನು ಮಾಡಬೇಕು ಅಂತ ಗೊತ್ತಿಲ್ಲದೆ ನಿಂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮಲ್ಲಿ ಅಂಪೈರ್ ಆಗುವವರು ಪಿ.ಟಿ. ಮಾಸ್ಟ್ರು, ಹಳೆಯ ಆಟಗಾರರು, ಅಥವಾ ಅವತ್ತು ತಂಡದಲ್ಲಿ ಜಾಗ ಸಿಗದವರು. ಪರೀಕ್ಷೆ ಬರೆದು ಬಂದವರು ಕಡಿಮೆ. ಹಾಗಂತ ತೀರ್ಪು ತಪ್ಪಬಾರದು ಅಲ್ವಾ? ಎಲ್‌ಬಿಡಬ್ಲ್ಯು ತಪ್ಪಿದರೆ ಒಬ್ಬ ಔಟಾಗುತ್ತಾನೆ, ಸಂಜೆಗೆ ಮರೆತುಹೋಗುತ್ತದೆ. ಚೆಂಡು ಕೆಡಿಸಿದ ಅಂತ ಒಬ್ಬನನ್ನು ಸುಮ್ನೆ ದೂರಿದರೆ ಅವನು ಊರಿಗೇ ಕಳ್ಳನಾಗುತ್ತಾನೆ.

ನಾನೂ ಹಾಗೆ ಒಮ್ಮೆ ಮಾಡಿದ್ದೇನೆ. ಏಪ್ರಿಲ್ ತಿಂಗಳು. ಒಂದು ಪದವಿನ ಮೈದಾನ, ಒಂದು ಬದಿಯಲ್ಲಿ ಸಾಲಾಗಿ ಹಲಸಿನ ಮರ. ಇಪ್ಪತ್ತನೇ ಓವರ್ ಹೊತ್ತಿಗೆ ಬ್ಯಾಟಿಂಗ್ ತಂಡದವರು ಚೆಂಡು ಅಂಟುತ್ತದೆ ಅಂತ ಕೂಗಿದರು. ಕೈಗೆ ತೆಗೆದುಕೊಂಡೆವು, ನಿಜವಾಗಿಯೂ ಅಂಟು. ಮೂಸಿದರೆ ಹಲಸಿನ ಮೇಣದ ವಾಸನೆ. ಬೌಲರ್ ಹುಡುಗನಿಗೆ ಹದಿನೇಳು ವರ್ಷ ಇರಬಹುದು. ನಾವಿಬ್ಬರು ಅಂಪೈರ್‌ಗಳೂ ಅವನ ಕೈ ನೋಡಲಿಲ್ಲ, ಏನೂ ಕೇಳಲಿಲ್ಲ, ಚೆಂಡು ಕೆಡಿಸಿದ್ದಕ್ಕೆ ದಂಡ ಅಂತ ಬ್ಯಾಟಿಂಗ್ ತಂಡಕ್ಕೆ ಐದು ರನ್ ಕೊಟ್ಟುಬಿಟ್ಟೆವು. ಆಟ ಮುಗಿದ ಮೇಲೆ ಒಬ್ಬ ಸಣ್ಣ ಮಗು ಬಂದು ಹೇಳಿತು, ಸಿಕ್ಸರ್ ಹೋದ ಚೆಂಡು ಮರದ ಬುಡದಲ್ಲಿ ಯಾರೋ ಗುಜ್ಜೆ (ಎಳೆ ಹಲಸು) ಕಡಿದು ಬಿಸಾಡಿದ ಜಾಗದಲ್ಲಿ ಬಿದ್ದಿತ್ತು, ನಾನೇ ಹೆಕ್ಕಿ ಕೊಟ್ಟದ್ದು ಅಂತ. ಆ ಹುಡುಗ ಮುಂದಿನ ವರ್ಷ ಆಟಕ್ಕೆ ಬರಲಿಲ್ಲ. ಅವನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಆದರೂ ಆ ಮುಖ ನನಗೆ ಮರೆತಿಲ್ಲ.

ಅವತ್ತಿನಿಂದ ನಾನು ಪಾಲಿಸಿಕೊಂಡು ಬಂದದ್ದು ಒಂದೇ. ಅನುಮಾನ ಬಂದ ಮೇಲೆ ನೋಡುವುದಲ್ಲ, ಮೊದಲಿನಿಂದಲೇ ಎಲ್ಲರದ್ದೂ ನೋಡುತ್ತಾ ಇರಬೇಕು. ಚೆಂಡನ್ನೂ ನೋಡಬೇಕು, ಕೈಯನ್ನೂ ನೋಡಬೇಕು.

ಯಾಕೆ ಎರಡೂ ಅಂತ ಹೇಳುತ್ತೇನೆ. 2006ರಲ್ಲಿ ಇಂಗ್ಲೆಂಡಿನ ಓವಲ್ ಟೆಸ್ಟ್. ಅಂಪೈರ್‌ಗಳಾದ ಡ್ಯಾರೆಲ್ ಹೇರ್ ಮತ್ತು ಬಿಲ್ಲಿ ಡಾಕ್ಟ್ರೋವ್ ಚೆಂಡು ನೋಡಿದರು, ಕೆಡಿಸಿದ್ದಾರೆ ಅಂತ ತೀರ್ಮಾನಿಸಿ ಪಾಕಿಸ್ತಾನಕ್ಕೆ ಐದು ರನ್ ದಂಡ ಹಾಕಿದರು. ಯಾರು ಕೆಡಿಸಿದ್ದು? ಯಾರ ಕೈಯನ್ನೂ ಅವರು ಕಂಡಿರಲಿಲ್ಲ. ಚಹಾ ವಿರಾಮದ ನಂತರ ಪಾಕಿಸ್ತಾನ ಮೈದಾನಕ್ಕೆ ಇಳಿಯಲು ತಡ ಮಾಡಿತು, ಪಂದ್ಯವನ್ನು ಇಂಗ್ಲೆಂಡಿಗೆ ಕೊಟ್ಟರು. ಆಮೇಲೆ ವಿಚಾರಣೆಯಲ್ಲಿ ನಾಯಕ ಇಂಜಮಾಮ್ ಮೇಲಿದ್ದ ಚೆಂಡಿನ ಆರೋಪ ನಿಲ್ಲಲೇ ಇಲ್ಲ. ಇನ್ನು 2018ರ ಕೇಪ್‌ಟೌನ್. ಅಲ್ಲಿ ಇದಕ್ಕೆ ಉಲ್ಟಾ ಆಯಿತು. ಆಸ್ಟ್ರೇಲಿಯಾದ ಕ್ಯಾಮರೂನ್ ಬ್ಯಾಂಕ್ರಾಫ್ಟ್ ಕೈಯಲ್ಲಿ ಹಳದಿ ಬಣ್ಣದ್ದೇನೋ ಇತ್ತು, ಕ್ಯಾಮೆರಾ ಕಂಡಿತು, ಅದನ್ನು ಅವನು ಪ್ಯಾಂಟಿನೊಳಗೆ ತುರುಕಿದ್ದನ್ನೂ ಕಂಡಿತು. ಅಂಪೈರ್‌ಗಳು ಚೆಂಡು ನೋಡಿದರೆ ಬದಲಾಯಿಸುವಷ್ಟು ಏನೂ ಕಾಣಲಿಲ್ಲ, ಅದೇ ಚೆಂಡಿನಲ್ಲಿ ಆಟ ಮುಂದುವರಿಯಿತು. ಅದು ಮರಳುಕಾಗದ ಅಂತ ಆಮೇಲೆ ಹೊರಬಂತು. ನಾಯಕ ಸ್ಮಿತ್, ಉಪನಾಯಕ ವಾರ್ನರ್‌ಗೆ ಒಂದು ವರ್ಷ, ಬ್ಯಾಂಕ್ರಾಫ್ಟ್‌ಗೆ ಒಂಬತ್ತು ತಿಂಗಳು ನಿಷೇಧ ಬಿತ್ತು. ಒಂದು ಕಡೆ ಚೆಂಡು ಇತ್ತು, ಕೈ ಇರಲಿಲ್ಲ. ಇನ್ನೊಂದು ಕಡೆ ಕೈ ಇತ್ತು, ಚೆಂಡು ಏನೂ ಹೇಳಲಿಲ್ಲ.

ಇದಕ್ಕೆ ಚೆನ್ನಾದ ದಾರಿ ನನಗೆ ಸಿಕ್ಕಿದ್ದು ಬೇಸ್‌ಬಾಲಿನಲ್ಲಿ. ನಮ್ಮಲ್ಲಿ ಆ ಆಟ ನೋಡುವವರು ಕಡಿಮೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅಲ್ಲಿ ಚೆಂಡು ಎಸೆಯುವವನು ಪಿಚರ್. ಚೆಂಡು ನೆಲಕ್ಕೆ ಬೀಳದೆ ನೇರವಾಗಿ ಬ್ಯಾಟಿಗೆ ಬರುತ್ತದೆ, ಹಾಗಾಗಿ ಏನು ಮಾಡುವುದಿದ್ದರೂ ಬೆರಳಿನಲ್ಲೇ ಮಾಡಬೇಕು. ಉಗುಳು ಅಥವಾ ವ್ಯಾಸಲೀನ್ ಹಚ್ಚಿದರೆ ಚೆಂಡು ಬೆರಳಿನಿಂದ ಜಾರಿ ಹೊರಡುತ್ತದೆ, ಒದ್ದೆ ಹುಣಸೆ ಬೀಜವನ್ನು ಎರಡು ಬೆರಳಿನ ನಡುವೆ ಒತ್ತಿ ಹಾರಿಸಿದ ಹಾಗೆ. ಸುತ್ತು ಕಡಿಮೆ, ಬ್ಯಾಟಿನ ಹತ್ತಿರ ಬಂದು ಕುಸಿಯುತ್ತದೆ. ಅಂಟು ಹಚ್ಚಿದರೆ ಇದಕ್ಕೆ ವಿರುದ್ಧ. ಬೆರಳು ಚೆಂಡನ್ನು ಕೊನೆಯ ತನಕ ಹಿಡಿದುಕೊಳ್ಳುತ್ತದೆ, ಸುತ್ತು ಜಾಸ್ತಿಯಾಗುತ್ತದೆ, ಹೊಡೆಯುವವನು ಅಂದಾಜು ಮಾಡಿದಷ್ಟು ಚೆಂಡು ಇಳಿಯುವುದೇ ಇಲ್ಲ. ಉಗುಳಿನ ಚೆಂಡನ್ನು ಅವರು 1920ರಲ್ಲೇ ನಿಷೇಧಿಸಿದರು. ಅದನ್ನೇ ನಂಬಿಕೊಂಡಿದ್ದ 17 ಪಿಚರ್‌ಗಳಿಗೆ ಮಾತ್ರ ನಿವೃತ್ತಿ ತನಕ ಬಿಟ್ಟುಕೊಟ್ಟರು. ಅವರಲ್ಲಿ ಕೊನೆಯವನು ಬರ್ಲಿ ಗ್ರೈಮ್ಸ್, 1934ರ ತನಕ ಆಡಿದ. ನಿಯಮ ಬಂದರೂ ಕಳ್ಳತನ ನಿಲ್ಲಲಿಲ್ಲ. 1987ರಲ್ಲಿ ಜೋ ನೀಕ್ರೋಗೆ ಅಂಪೈರ್ ಜೇಬು ತೋರಿಸು ಅಂದಾಗ ಉಗುರು ಉಜ್ಜುವ ಪಟ್ಟಿ ಹಾರಿ ನೆಲಕ್ಕೆ ಬಿತ್ತು. 2014ರಲ್ಲಿ ಮೈಕೆಲ್ ಪಿನೇಡಾ ಪೈನ್ ಮರದ ಟಾರನ್ನು ಕುತ್ತಿಗೆಗೆ ಬಳಿದುಕೊಂಡು ಬಂದಿದ್ದ. ಇಬ್ಬರಿಗೂ ಹತ್ತು ಹತ್ತು ಪಂದ್ಯ ಅಮಾನತು.

ಅಲ್ಲಿಯೂ ಹೆಚ್ಚಾಗಿ ಎದುರು ತಂಡ ದೂರು ಕೊಟ್ಟ ಮೇಲೆ ನೋಡುವ ಪದ್ಧತಿಯೇ ಇತ್ತು. ತಮ್ಮ ಪಿಚರ್‌ಗಳೂ ಅದನ್ನೇ ಮಾಡುತ್ತಿದ್ದರೆ ಯಾರು ತಾನೇ ದೂರುತ್ತಾರೆ? ಹೊಸ ಹೊಸ ಅಂಟು ಬಂತು, ಭಾರ ಎತ್ತುವ ಜಟ್ಟಿಗಳು ಕೈಗೆ ಹಚ್ಚುವ ಸ್ಪೈಡರ್ ಟ್ಯಾಕ್ ಕೂಡ ಬಂತು. ಕೊನೆಗೆ 2021 ಜೂನ್ 21ರಿಂದ ಅಮೆರಿಕದ ಮೇಜರ್ ಲೀಗ್‌ನಲ್ಲಿ ದೂರು ಇರಲಿ ಇಲ್ಲದಿರಲಿ ಎಲ್ಲ ಪಿಚರ್‌ಗಳನ್ನೂ ನೋಡಲು ಶುರುಮಾಡಿದರು. ಇನ್ನಿಂಗ್ಸ್ ಮುಗಿದು ಪಿಚರ್ ಹೊರಗೆ ನಡೆಯುವಾಗ ಅಂಪೈರ್ ನಿಲ್ಲಿಸಿ ಟೋಪಿ, ಗ್ಲೌಸ್, ಬೆಲ್ಟ್ ನೋಡುತ್ತಾರೆ. ಆಮೇಲೆ ಬೆರಳನ್ನೇ ಮುಟ್ಟಿ ನೋಡುವುದೂ ಬಂತು. ಕೆಲವೇ ಸೆಕೆಂಡಿನ ಕೆಲಸ. ಅಂಟು ಸಿಕ್ಕಿದರೆ ಆಗಲೇ ಹೊರಗೆ, ಹತ್ತು ಪಂದ್ಯ ಅಮಾನತು, ಅಷ್ಟು ದಿನ ಅವನ ಜಾಗಕ್ಕೆ ತಂಡ ಬೇರೆಯವನನ್ನು ಸೇರಿಸುವಂತಿಲ್ಲ. ವಾರ ತುಂಬುವ ಮೊದಲೇ ಹೆಕ್ಟರ್ ಸಾಂಟಿಯಾಗೊ ಸಿಕ್ಕಿಬಿದ್ದ. 2023ರಲ್ಲಿ ಮ್ಯಾಕ್ಸ್ ಶೆರ್ಜರ್‌ನಂಥ ದೊಡ್ಡ ಹೆಸರಿನವನನ್ನೂ ಬಿಡಲಿಲ್ಲ. ಬೆವರು ಮತ್ತು ರಾಳದ ಪುಡಿ ಅಷ್ಟೇ ಅಂತ ಅವನು ವಾದಿಸಿದ. ಆ ರಾಳದ ಪುಡಿಯ ಚೀಲ ಮೈದಾನದಲ್ಲೇ ಇರುತ್ತದೆ, ಕೈ ಒಣಗಿಸಲು ಅದಕ್ಕೆ ಅನುಮತಿಯೂ ಇದೆ. ಆದರೂ ಕೈ ಮಿತಿ ಮೀರಿ ಅಂಟುತ್ತಿತ್ತು ಅಂತ ಅಂಪೈರ್ ಹೊರಗೆ ಕಳಿಸಿದರು.

ಇಲ್ಲಿ ನನಗೆ ಇಷ್ಟವಾದದ್ದು ಶಿಕ್ಷೆ ಅಲ್ಲ. ಎಲ್ಲರದ್ದೂ ನೋಡುತ್ತಾರಲ್ಲ, ಅದು. ಎಲ್ಲರ ಕೈ ನೋಡಿದರೆ ಯಾರಿಗೂ ಅವಮಾನ ಇಲ್ಲ. ನಾನು ಆ ಹುಡುಗನಿಗೆ ಮಾಡಿದ ಅನ್ಯಾಯ ಈ ಪದ್ಧತಿ ಇದ್ದಿದ್ದರೆ ಆಗುತ್ತಲೇ ಇರಲಿಲ್ಲ.

ಸರಿ, ಈಗ ನಮ್ಮ ಮೈದಾನಕ್ಕೆ ಬರೋಣ.

ಟಾಸ್‌ಗೆ ಮೊದಲು

ಇಬ್ಬರು ನಾಯಕರನ್ನೂ ಕರೆದು ಮೂರು ಮಾತು ಹೇಳಿ. ಒಂದು, ಚೆಂಡಿಗೆ ಬೆವರು ಹಚ್ಚಬಹುದು, ಉಗುಳು ಹಚ್ಚುವಂತಿಲ್ಲ. ಕೋವಿಡ್ ಸಮಯದಲ್ಲಿ ತಾತ್ಕಾಲಿಕ ಅಂತ ಬಂದ ಈ ನಿಷೇಧ 2022 ಅಕ್ಟೋಬರ್‌ನಿಂದ ಕ್ರಿಕೆಟ್ ನಿಯಮದಲ್ಲೇ ಸೇರಿದೆ. 2025ರ ಐಪಿಎಲ್‌ನಲ್ಲಿ ಉಗುಳಿಗೆ ಬಿಟ್ಟದ್ದನ್ನು ಟಿವಿಯಲ್ಲಿ ನೋಡಿದ ಹುಡುಗರು ಖಂಡಿತ ಪ್ರಶ್ನೆ ಕೇಳುತ್ತಾರೆ. ಅದು ಆ ಟೂರ್ನಿಯ ನಿಯಮ, ನಮ್ಮದು ಇದು ಅಂತ ಮೊದಲೇ ಹೇಳಿಬಿಡಿ. ಎರಡು, ಒದ್ದೆ ಚೆಂಡು ಒರೆಸುವ ಬಟ್ಟೆ ಅಂಪೈರ್ ನೋಡಿ ಒಪ್ಪಿದ್ದೇ ಆಗಬೇಕು, ಮಣ್ಣು ತೆಗೆಯುವುದಿದ್ದರೆ ಅಂಪೈರ್ ಎದುರಿನಲ್ಲೇ ತೆಗೆಯಬೇಕು. ಮೂರು, ನೀರಿನ ವಿರಾಮದಲ್ಲಿ ಅಂಪೈರ್ ಎಲ್ಲ ಬೌಲರ್‌ಗಳ ಕೈ ಮತ್ತು ಟವೆಲ್ ನೋಡುತ್ತಾರೆ. ಈ ಮೂರನೆಯದು ಕ್ರಿಕೆಟ್ ನಿಯಮದ ಪುಸ್ತಕದಲ್ಲಿ ಇಲ್ಲ. ಆದ್ದರಿಂದ ಇದನ್ನು ಟೂರ್ನಮೆಂಟ್ ನಿಯಮದಲ್ಲಿ ಬರೆದು, ಎರಡೂ ನಾಯಕರು ಒಪ್ಪಿ ಸಹಿ ಹಾಕಿರಬೇಕು. ಒಪ್ಪಿಗೆ ಇಲ್ಲದೆ ಯಾರ ಜೇಬಿಗೂ ಕೈ ಹಾಕಬೇಡಿ.

ಆಮೇಲೆ ಬದಲಿ ಚೆಂಡು. ಚೆಂಡು ಬದಲಾಯಿಸುವಾಗ ಅಷ್ಟೇ ಸವೆದ ಚೆಂಡು ಕೊಡಬೇಕು ಅನ್ನುತ್ತದೆ ನಿಯಮ. ನಮ್ಮಲ್ಲಿ ಒಂದೋ ಹೊಸ ಚೆಂಡು, ಇಲ್ಲವೇ ಯಾರದ್ದೋ ಕಿಟ್ ಬ್ಯಾಗಿನ ತಳದಲ್ಲಿದ್ದ ಹಳೇ ಚೆಂಡು. ಎರಡೂ ಅನ್ಯಾಯ. ಅದಕ್ಕೆ ಟೂರ್ನಮೆಂಟ್‌ಗೆ ಮೊದಲು ಅದೇ ಕಂಪನಿಯ ನಾಲ್ಕು ಚೆಂಡು ತಂದು, ಅದೇ ಮೈದಾನದಲ್ಲಿ ಅಭ್ಯಾಸಕ್ಕೆ ಕೊಟ್ಟು, ಐದು, ಹತ್ತು, ಹದಿನೈದು, ಇಪ್ಪತ್ತು ಓವರ್ ಆಡಿಸಿ ಬೇರೆ ಬೇರೆ ಚೀಲದಲ್ಲಿ ಇಡಿ. ಇವು ಬದಲಿಗೂ ಆಗುತ್ತವೆ, ಹೋಲಿಸಿ ನೋಡಲೂ ಆಗುತ್ತವೆ. ಇಡೀ ಬರಹದಲ್ಲಿ ಒಂದೇ ಸಲಹೆ ತೆಗೆದುಕೊಳ್ಳುತ್ತೀರಿ ಅಂತಾದರೆ ಇದನ್ನೇ ತೆಗೆದುಕೊಳ್ಳಿ.

ಚೆಂಡಿನಲ್ಲಿ ಏನು ನೋಡಬೇಕು

ಒಂದು ಬದಿ ಹೊಳೆಯುತ್ತಾ ಇನ್ನೊಂದು ಬದಿ ಒರಟಾದರೆ ಎರಡು ಬದಿಯಲ್ಲಿ ಗಾಳಿ ಬೇರೆ ಬೇರೆ ಥರ ಹರಿಯುತ್ತದೆ. ಚೆಂಡು ಒರಟು ಬದಿಯ ಕಡೆ ತಿರುಗುತ್ತದೆ. ಸಾಕಷ್ಟು ಹಳೆಯದಾದ ಚೆಂಡನ್ನು ವೇಗವಾಗಿ ಹಾಕಿದರೆ ಉಲ್ಟಾ, ಹೊಳೆಯುವ ಬದಿಯ ಕಡೆಗೇ ಹೋಗುತ್ತದೆ, ಅದೇ ರಿವರ್ಸ್ ಸ್ವಿಂಗ್. ಕೆಡಿಸುವವನ ಕೆಲಸ ಎರಡೇ. ಒಂದು ಬದಿಯನ್ನು ಬೇಗ ಒರಟು ಮಾಡುವುದು, ಇನ್ನೊಂದಕ್ಕೆ ಇರಬೇಕಾದ್ದಕ್ಕಿಂತ ಜಾಸ್ತಿ ಹೊಳಪು ಕೊಡುವುದು. ಹೊಲಿಗೆ ಕೀಳುವುದು ಇದರ ಜೊತೆಗೆ ಬರುತ್ತದೆ.

ಆದರೆ ನಮ್ಮ ನೆಲ ಯಾವುದು ಅಂತ ಮರೆಯಬೇಡಿ. ಮುರಕಲ್ಲಿನ ಪದವು. ಹುಲ್ಲಿಗಿಂತ ಕಲ್ಲು ಜಾಸ್ತಿ. ಲಾರ್ಡ್ಸ್‌ನಲ್ಲಿ ಅರವತ್ತು ಓವರ್ ಆಡಿದರೂ ಆಗದಷ್ಟು ಗಾಯ ನಮ್ಮಲ್ಲಿ ಹತ್ತೇ ಓವರಿಗೆ ಆಗಬಹುದು. ಹಾಗಾಗಿ ಚೆಂಡು ಒರಟಾಗಿದೆ ಅನ್ನುವುದು ನಮ್ಮಲ್ಲಿ ಸಾಕ್ಷಿಯೇ ಅಲ್ಲ. ಒರಟಾದ ರೀತಿಯನ್ನು ನೋಡಬೇಕು. ಮುರಕಲ್ಲು ಚೆಂಡನ್ನು ಎಲ್ಲ ಕಡೆಗೂ ಕಚ್ಚುತ್ತದೆ. ಸಣ್ಣ ಸಣ್ಣ ಗುಳಿ, ದಿಕ್ಕಿಲ್ಲದ ಗೀರು, ಗುಳಿಯೊಳಗೆ ಕೆಂಪು ಧೂಳು, ಹೊಳೆಯುವ ಬದಿಯಲ್ಲೂ ಒಂದಷ್ಟು. ಮರಳುಕಾಗದದ ಗೀರು ಹಾಗಲ್ಲ. ಒಂದೇ ಜಾಗದಲ್ಲಿ, ಒಂದೇ ದಿಕ್ಕಿಗೆ, ನವಿರಾಗಿ, ಗೆರೆ ಎಳೆದ ಹಾಗೆ. ಉಗುರಿನದ್ದು ಗಿಡ್ಡ, ಆಳ, ಒಂದರ ಪಕ್ಕ ಒಂದು. ಬಾಟಲಿ ಮುಚ್ಚಳದ ಹಲ್ಲು ಇನ್ನೂ ಆಳ. ಶಾಲೆಯ ಜಗಲಿಗೋ ಕಾಂಕ್ರೀಟ್ ಮೆಟ್ಟಿಲಿಗೋ ಬಡಿದ ಗಾಯ ಒಂದೇ ಇರುತ್ತದೆ, ಚರ್ಮವೇ ಎದ್ದಿರುತ್ತದೆ. ಅದು ಯಾವ ಹೊಡೆತಕ್ಕೆ ಆದದ್ದು ಅಂತ ಸಾಮಾನ್ಯವಾಗಿ ಎಲ್ಲರಿಗೂ ನೆನಪಿರುತ್ತದೆ, ಕೇಳಿ.

ಹೊಲಿಗೆಯನ್ನು ಕಣ್ಣಿನಿಂದ ನೋಡಿದರೆ ಸಾಲದು. ಹೆಬ್ಬೆರಳನ್ನು ಹೊಲಿಗೆಯ ಮೇಲೆ ಸುತ್ತ ಓಡಿಸಿ. ಸವೆದ ಹೊಲಿಗೆ ಎಲ್ಲ ಕಡೆ ಒಂದೇ ಥರ ತಗ್ಗಿರುತ್ತದೆ. ಉಗುರು ಹಾಕಿ ಎಬ್ಬಿಸಿದ್ದಾದರೆ ಒಂದು ಕಡೆ ಮಾತ್ರ ಬೆರಳಿಗೆ ತಾಗುತ್ತದೆ. ನಾಲ್ಕು ತುಂಡಿನ ಚೆಂಡಾದರೆ ಅಡ್ಡ ಜೋಡಣೆಯನ್ನೂ ನೋಡಿ, ಅದನ್ನು ಬಿಚ್ಚುವುದು ಸುಲಭ, ಕಾಣುವುದು ಕಡಿಮೆ.

ಕೊನೆಗೆ ಮೂಸಿ ನೋಡಿ. ತೆಂಗಿನೆಣ್ಣೆ ನಮ್ಮ ಊರಿನ ದೊಡ್ಡ ಸಮಸ್ಯೆ, ಇದನ್ನು ಹೆಚ್ಚಿನವರು ತಪ್ಪು ಅಂತಲೇ ತಿಳಿದಿಲ್ಲ. ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ ಬಂದ ಹುಡುಗ ಹಣೆಯ ಬೆವರು ಒರೆಸಿ ಚೆಂಡಿಗೆ ಹಚ್ಚಿದರೆ ಬೆವರಿನ ಜೊತೆ ಎಣ್ಣೆಯೂ ಹೋಯಿತು. ಬೆವರಿಗೆ ಒಪ್ಪಿಗೆ ಇದೆ, ಎಣ್ಣೆಗೆ ಇಲ್ಲ. ಇಂಥದ್ದು ದೊಡ್ಡ ಆಟದಲ್ಲೂ ಆಗಿದೆ. 1977ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡಿನ ಜಾನ್ ಲೀವರ್ ಬೆವರು ಕಣ್ಣಿಗೆ ಇಳಿಯದಿರಲಿ ಅಂತ ವ್ಯಾಸಲೀನ್ ಇದ್ದ ಪಟ್ಟಿ ಹಣೆಗೆ ಅಂಟಿಸಿಕೊಂಡಿದ್ದರು, ನಮ್ಮ ನಾಯಕ ಬಿಷನ್ ಸಿಂಗ್ ಬೇಡಿ ಆಕ್ಷೇಪ ಎತ್ತಿದರು, ದೊಡ್ಡ ಗಲಾಟೆಯಾಯಿತು. ಬೆವರು ತಡೆಯುವ ಕ್ರೀಮು, ಸನ್‌ಸ್ಕ್ರೀನ್ ಎಲ್ಲ ಇದೇ ಲೆಕ್ಕ. ಬಾಯಿಯಲ್ಲಿರುವ ಮಿಠಾಯಿ ಕೂಡ. ನಮ್ಮ ರಾಹುಲ್ ದ್ರಾವಿಡ್‌ಗೇ 2004ರಲ್ಲಿ ಬ್ರಿಸ್ಬೇನಿನಲ್ಲಿ ಕೆಮ್ಮಿನ ಮಾತ್ರೆಯ ಅಂಟು ಚೆಂಡಿಗೆ ತಾಗಿದ್ದಕ್ಕೆ ಪಂದ್ಯದ ಸಂಭಾವನೆಯ ಅರ್ಧ ದಂಡ ಬಿತ್ತು. ದ್ರಾವಿಡ್ ಮೋಸ ಮಾಡುವವರು ಅಂತ ನಾನು ಯಾವತ್ತೂ ನಂಬುವುದಿಲ್ಲ. ಆದರೂ ಆ ದಂಡ ಸರಿಯೇ. ಚೆಂಡಿಗೆ ತಾಗಿದ್ದು ತಾಗಿದ್ದೇ. ಹುಡುಗರಿಗೆ ಈ ಕತೆ ಹೇಳಿ, ಒಳ್ಳೆಯವರೂ ಎಚ್ಚರ ತಪ್ಪಬಾರದು ಅಂತ ಅರ್ಥವಾಗುತ್ತದೆ.

ಯಾವಾಗ ನೋಡಬೇಕು

ವಿಕೆಟ್ ಬಿದ್ದಾಗ, ವಿರಾಮದಲ್ಲಿ, ಮಳೆಗೆ ಆಟ ನಿಂತಾಗ ಚೆಂಡು ಅಂಪೈರ್ ಕೈಯಲ್ಲೇ ಇರಬೇಕು, ಇದು ನಿಯಮ. ನಮ್ಮಲ್ಲಿ ಚೆಂಡನ್ನು ಕೀಪರ್ ಹತ್ತಿರ ಬಿಟ್ಟು ಅಂಪೈರ್ ನೀರು ಕುಡಿಯಲು ಹೋಗುತ್ತಾರೆ. ಹಾಗೆ ಮಾಡಬೇಡಿ. ಇದಲ್ಲದೆ ಆಗಾಗ, ಲೆಕ್ಕಕ್ಕೆ ಸಿಗದ ಹಾಗೆ ನೋಡುತ್ತಿರಬೇಕು ಅಂತ ನಿಯಮವೇ ಹೇಳುತ್ತದೆ. ಪ್ರತಿ ಐದನೇ ಓವರಿಗೆ ನೋಡಿದರೆ ಆರನೇ ಓವರಿನಲ್ಲಿ ಕೆಲಸ ಶುರುವಾಗುತ್ತದೆ. ಒಮ್ಮೆ ಎರಡು ಓವರಿಗೆ, ಒಮ್ಮೆ ನಾಲ್ಕಕ್ಕೆ, ಒಮ್ಮೆ ಓವರಿನ ನಡುವೆಯೇ ಕೈ ಚಾಚಿ.

ಮತ್ತೆ, ಗೆರೆ ದಾಟಿ ಹೋದ ಚೆಂಡು ವಾಪಸ್ ಬಂದಾಗ ಪ್ರತಿ ಸಲವೂ ನೋಡಿ. ತೋಟದ ಕಣಿ, ಡಾಮರು ರೋಡು, ಹಲಸಿನ ಬುಡ, ಎಲ್ಲಿಗೆ ಹೋಗಿತ್ತು ಅಂತ ತಂದವರನ್ನೇ ಕೇಳಿ. ಸ್ಕೋರರ್ ಹತ್ತಿರ ಒಂದು ಸಾಲು ಬರೆಸಿ. ಬೇಕಾದರೆ ಮೊಬೈಲಿನಲ್ಲಿ ಎರಡು ಬದಿಯ ಫೋಟೋ ತೆಗೆಯಿರಿ. ಹೀಗೆ ಹೊರಗೆ ಕೆಟ್ಟ ಚೆಂಡಿಗೆ ದಂಡ ಇಲ್ಲ. ಆಡಲು ಆಗದ ಚೆಂಡು ಅಂತ ಬದಲಾಯಿಸಿದರೆ ಮುಗಿಯಿತು. ನನಗೆ ಅವತ್ತು ಇಷ್ಟು ಗೊತ್ತಿದ್ದರೆ ಸಾಕಿತ್ತು.

ಕೈ ನೋಡುವಾಗ ಎಲ್ಲರ ಎದುರು, ಮೈದಾನದ ನಡುವೆ, ಇಬ್ಬರು ಅಂಪೈರ್‌ಗಳೂ ಇರುವಾಗ ನೋಡಿ. ಅಂಗೈ, ಬೆರಳ ತುದಿ, ಬೆರಳಿಗೆ ಸುತ್ತಿದ ಟೇಪ್. ಟೇಪಿನ ಮೇಲೆ ಏನಾದರೂ ಅಂಟಿಸಿದ್ದಾರಾ ಅಂತ ವಿಶೇಷ ಗಮನ. "ತಮ್ಮಾ, ಕೈ ತೋರಿಸು" ಅಂತ ನಗುತ್ತಾ ಹೇಳಿ, ನಾಯಕನಿಂದಲೇ ಶುರುಮಾಡಿ. ನಾಲ್ಕು ಪಂದ್ಯ ಕಳೆಯುವಷ್ಟರಲ್ಲಿ ಹುಡುಗರು ತಾವಾಗಿಯೇ ಕೈ ಚಾಚುತ್ತಾರೆ.

ತಪ್ಪು ಖಚಿತವಾದರೆ

ಮೊದಲು ಇಬ್ಬರು ಅಂಪೈರ್‌ಗಳೂ ಒಂದೇ ಅಭಿಪ್ರಾಯಕ್ಕೆ ಬರಬೇಕು. ಸ್ಕ್ವೇರ್ ಲೆಗ್ಗಿನಲ್ಲಿ ಬ್ಯಾಟಿಂಗ್ ತಂಡದ ಹುಡುಗನನ್ನೇ ನಿಲ್ಲಿಸಿದ್ದರೆ ಅವನ ಮಾತು ಲೆಕ್ಕಕ್ಕೆ ಬರುವುದಿಲ್ಲ, ಇಂಥ ಟೂರ್ನಮೆಂಟ್‌ಗೆ ಎರಡು ಹೊರಗಿನ ಅಂಪೈರ್ ಬೇಕೇ ಬೇಕು ಅಂತ ಸಂಘಟಕರಿಗೆ ಮೊದಲೇ ಹೇಳಿ. ಆ ಚೆಂಡನ್ನು ಸುಮಾರು ಅಷ್ಟೇ ಓವರ್ ಆಡಿದ ಚೀಲದ ಚೆಂಡಿನ ಜೊತೆ ಇಟ್ಟು ನೋಡಿ. ಆಮೇಲೂ ಅನುಮಾನ ಉಳಿದರೆ ದಂಡ ಬೇಡ.

ಖಚಿತವಾದರೆ ಕ್ರಿಕೆಟ್ ನಿಯಮದ ಪುಸ್ತಕದ 41.3ನೇ ನಿಯಮ. ಚೆಂಡು ಬದಲಾಯಿಸಬೇಕಾ ಅಂತ ಎದುರು ತಂಡದ ನಾಯಕನನ್ನು ಕೇಳಬೇಕು, ಅವನು ಪೆವಿಲಿಯನ್‌ನಲ್ಲಿ ಇದ್ದರೆ ಕ್ರೀಸಿನಲ್ಲಿರುವ ಬ್ಯಾಟರ್‌ಗಳನ್ನೇ ಕೇಳಬಹುದು. ಅವರಿಗೆ ಅದೇ ಚೆಂಡು ಬೇಕಿದ್ದರೆ ಇರಲಿ. ಚೆಂಡು ಬದಲಾಗಲಿ ಬಿಡಲಿ, ಐದು ರನ್ ದಂಡ ಮಾತ್ರ ಕೊಡಲೇಬೇಕು. ಬ್ಯಾಟಿಂಗ್ ತಂಡಕ್ಕೆ ಕೊಡುವುದಾದರೆ ಒಂದು ಕೈಯಿಂದ ಎದುರು ಭುಜವನ್ನು ಮತ್ತೆ ಮತ್ತೆ ತಟ್ಟಿ ಸ್ಕೋರರ್‌ಗೆ ತೋರಿಸಿ, ಅವರು ಕೈ ಎತ್ತುವ ತನಕ ಆಟ ಶುರುಮಾಡಬೇಡಿ. ಫೀಲ್ಡಿಂಗ್ ತಂಡ ಅದೇ ಇನ್ನಿಂಗ್ಸಿನಲ್ಲಿ ಎರಡನೇ ಸಲ ಸಿಕ್ಕಿದರೆ ಮತ್ತೆ ಐದು ರನ್, ಜೊತೆಗೆ ಅದರ ಹಿಂದಿನ ಚೆಂಡು ಹಾಕಿದ ಬೌಲರ್‌ನನ್ನು ಬೌಲಿಂಗಿನಿಂದ ತೆಗೆಯಲು ನಾಯಕನಿಗೆ ಹೇಳಬೇಕು. ಕೆಡಿಸಿದ್ದು ಬೇರೆಯವನಾದರೂ ಹೋಗುವುದು ಬೌಲರ್. ಇದು ಕಠಿಣ ಅನ್ನಿಸಬಹುದು. ಆದರೆ ಇದರಿಂದ ತಂಡದ ಹನ್ನೊಂದು ಮಂದಿಯೂ ಒಬ್ಬರ ಮೇಲೊಬ್ಬರು ಕಣ್ಣಿಡುತ್ತಾರೆ.

ಮೈಕ್ ಹಿಡಿದವರಿಗೆ ಒಂದು ಮಾತು ಮೊದಲೇ ಹೇಳಿಡಿ. ದಂಡ ತಂಡಕ್ಕೆ, ಹೆಸರು ಬೇಡ. "ಚೆಂಡಿನ ಸ್ಥಿತಿ ಬದಲಾದ್ದಕ್ಕೆ ಐದು ರನ್ ದಂಡ" ಅಂದರೆ ಸಾಕು. ಯಾರು, ಏನು, ಕೈಯಲ್ಲಿ ಸಿಕ್ಕಿದ್ದು ಯಾವುದು, ಎಲ್ಲ ಕಾಗದದಲ್ಲಿ ಬರೆದು, ಇಬ್ಬರೂ ಅಂಪೈರ್‌ಗಳು ಸಹಿ ಹಾಕಿ ಆಟ ಮುಗಿದ ಮೇಲೆ ಸಂಘಟಕರಿಗೆ ಕೊಡಿ. ಆ ಚೆಂಡನ್ನೂ ಚೀಲದಲ್ಲಿ ಹಾಕಿ ಅದರ ಜೊತೆಗೇ ಕೊಡಿ. ಆಮೇಲೆ ಆ ಹುಡುಗನ ಹತ್ತಿರ ಹೋಗಿ ಸ್ವಲ್ಪ ಹೊತ್ತು ಕೂತು ಮಾತಾಡಿ. ಅವನು ಮುಂದಿನ ವರ್ಷವೂ ಆಡಲು ಬರಬೇಕು.